ಅಟ್ಟದಿಂದ ಇಳಿದ ಟ್ರಂಕು: ಹಳೇ ಶಾಲಾ ಕಾಗದಗಳನ್ನು ನೋಡುವುದು, ಆರಿಸುವುದು, ಉಳಿಸಿಕೊಳ್ಳುವುದು ಹೇಗೆ?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಹಳೇ ಶಾಲಾ ಕಾಗದಗಳು ತಾವಾಗಿ ಹೊರಗೆ ಬರುವುದಿಲ್ಲ. ಮನೆಗೆ ಸುಣ್ಣ ಹೊಡೆಯಬೇಕು, ಇಲ್ಲವೇ ಹಂಚು ಇಳಿಸಿ ಸ್ಲ್ಯಾಬ್ ಹಾಕಬೇಕು, ಇಲ್ಲವೇ ಅಣ್ಣತಮ್ಮಂದಿರ ಪಾಲಾಗಬೇಕು. ಆಗ ಅಟ್ಟದಿಂದ ಒಂದು ಟ್ರಂಕು ಕೆಳಗೆ ಬರುತ್ತದೆ. ಒಳಗೆ ಮೂರನೇ ತರಗತಿಯ ಶುದ್ಧಬರಹದ ಪುಸ್ತಕ, ಕಟ್ಟು ಬಿಚ್ಚಿದ ಪಾಟಿ, ಪ್ರಗತಿ ಪತ್ರ, ತುಕ್ಕು ಹಿಡಿದ ಕಂಪಾಸ್ ಪೆಟ್ಟಿಗೆ, ರಬ್ಬರ್ ಬ್ಯಾಂಡ್ ಕರಗಿ ಒಂದಕ್ಕೊಂದು ಅಂಟಿದ ಗ್ರೀಟಿಂಗ್ ಕಾರ್ಡುಗಳು. ಪೇಂಟರ್ ಬಾಗಿಲಲ್ಲಿ ನಿಂತಿರುತ್ತಾನೆ, ಎಲ್ಲರಿಗೂ ಅವಸರ. ಅರ್ಧ ಗಂಟೆಯೊಳಗೆ ಮುಕ್ಕಾಲು ಪಾಲು ರದ್ದಿಗೆ ಹೋಗಿರುತ್ತದೆ.

ನಮ್ಮಲ್ಲಿ ಬಹಳ ಜನ ಈ ಕೆಲಸವನ್ನು ಎಸೆಯುವುದರಿಂದ ಶುರು ಮಾಡುತ್ತಾರೆ. ಅದು ಕಟ್ಟಕಡೆಗೆ ಬರಬೇಕಾದ ಕೆಲಸ. ಮೊದಲು ನೋಡಿ, ಆಮೇಲೆ ಕೇಳಿ, ಆಮೇಲೆ ಆರಿಸಿ. ಅದರಲ್ಲೂ ಕೇಳುವುದನ್ನು ಮುಂದೂಡಬೇಡಿ. ಟ್ರಂಕಿನಲ್ಲಿದ್ದರೆ ಕಾಗದ ಇನ್ನೂ ಮೂವತ್ತು ವರ್ಷ ಬಾಳಬಹುದು. ಅದರ ಕತೆ ಗೊತ್ತಿರುವ ಅವ್ವನಿಗೆ, ಕಾಕಾನಿಗೆ ಈಗಲೇ ವಯಸ್ಸಾಗಿದೆ.

ತೆಗೆಯುವ ಕಾಲ, ಕೂರುವ ಜಾಗ

ಮಳೆಗಾಲದಲ್ಲಿ ಟ್ರಂಕು ಬಿಚ್ಚಬೇಡಿ. ಧಾರವಾಡ, ಕಲಘಟಗಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆ, ಗಾಳಿಯಲ್ಲೇ ತಂಪು. ಒಣಗಿದ್ದ ಕಾಗದವೂ ಆ ತಂಪು ಹೀರಿ ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ದೀಪಾವಳಿ ಆದ ಮೇಲಿನಿಂದ ಹೋಳಿ ಹುಣ್ಣಿಮೆಯವರೆಗಿನ ದಿನಗಳು ಇದಕ್ಕೆ ಒಳ್ಳೆಯವು. ಗದಗ, ರೋಣದ ಕಡೆ ತಂಪಿನ ಕಾಟ ಕಡಿಮೆ, ಮಣ್ಣಿನ ಕಾಟ ಜಾಸ್ತಿ. ಮಣ್ಣಿನ ಚಾವಣಿಯ ಮಾಳಿಗೆ ಮನೆಯಾದರೆ ಮೇಲಿನಿಂದ ಉದುರಿದ ಮಣ್ಣು ಪುಟಪುಟದ ನಡುವೆಯೂ ಸೇರಿರುತ್ತದೆ.

ಟ್ರಂಕನ್ನು ನೆರಳಿರುವ ಅಂಗಳಕ್ಕೋ ಪಡಸಾಲೆಗೋ ತನ್ನಿ. ಮುಚ್ಚಳ ತೆಗೆದ ಕೂಡಲೇ ಕೈ ಹಾಕಬೇಡಿ. ಒಂದು ಕೋಲಿನಿಂದ ಮೂಲೆಗಳನ್ನು ಕದಲಿಸಿ ನೋಡಿ. ವರ್ಷಗಟ್ಟಲೆ ಮುಟ್ಟದ ಟ್ರಂಕಿನಲ್ಲಿ ಚೇಳು ಇರುವುದು ನಮ್ಮ ಕಡೆ ಹೊಸದಲ್ಲ. ನೆಲಕ್ಕೆ ಒಗೆದ ಬಿಳಿ ಪಂಚೆ ಹಾಸಿ. ಹೊಸ ಪೇಂಟ್ ಬ್ರಶ್ ಒಂದು, ಎರಡು ಇಂಚಿನದು, ಕೂದಲು ಮೆತ್ತಗಿರಲಿ. ಮೂಗಿಗೆ ಮಾಸ್ಕ್, ಕೈಯಲ್ಲಿ ಪೆನ್ಸಿಲ್. ನೀರಿನ ತಂಬಿಗೆ, ಚಹಾದ ಕಪ್ಪು ಆ ಪಂಚೆಯ ಹತ್ತಿರಕ್ಕೂ ಬರಬಾರದು. ಹಳೇ ಶಾಯಿಯ ಅಕ್ಷರ ಒಂದು ಹನಿ ನೀರಿಗೇ ಕದಡಿ ಹೋಗುತ್ತದೆ.

ಮೊದಲ ದಿನ ಏನನ್ನೂ ಆರಿಸಬೇಡಿ

ಮುಚ್ಚಳ ತೆಗೆದ ಮೇಲೆ ಇದ್ದದ್ದನ್ನು ಇದ್ದ ಹಾಗೇ ಒಂದು ಫೋಟೋ ತೆಗೆಯಿರಿ. ಯಾವುದರ ಮೇಲೆ ಯಾವುದಿತ್ತು ಅನ್ನುವುದರಿಂದಲೇ ಎಷ್ಟೋ ತಿಳಿಯುತ್ತದೆ. ತಂಗಿಯ ಪುಸ್ತಕಗಳ ನಡುವೆ ನಿಮ್ಮದೊಂದು ಚಿತ್ರ ಇದ್ದರೆ, ಅದನ್ನು ಅಲ್ಲಿಟ್ಟವರು ಅವಳೇ ಇರಬಹುದು. ಎಲ್ಲವನ್ನೂ ಸುರಿದುಬಿಟ್ಟರೆ ಆ ಸುಳಿವು ಹೋಯಿತು. ಮೇಲಿನಿಂದ ಒಂದೊಂದಾಗಿ ತೆಗೆದು, ಅದೇ ಕ್ರಮದಲ್ಲಿ ಪಂಚೆಯ ಮೇಲೆ ಸಾಲಾಗಿ ಇಡಿ. ಒಂದರೊಳಗೊಂದು ಮಡಚಿಟ್ಟದ್ದನ್ನು ಬೇರೆ ಮಾಡಬೇಡಿ.

ಹಾಗೇ ಓದುತ್ತಾ ಹೋಗಿ. ಕೊನೇ ಪುಟಗಳನ್ನು ಖಂಡಿತ ನೋಡಿ. ಮಗ್ಗಿ, ಉಕ್ತಲೇಖನ, ಪ್ರಶ್ನೋತ್ತರ ಎಲ್ಲವೂ ಮಾಸ್ತರು ಬರೆಸಿದ್ದು. ಕೊನೇ ಪುಟ ಮಾತ್ರ ನಿಮ್ಮದು. ಚುಕ್ಕಿ ಆಟ, ಗೆಳೆಯನಿಗೆ ಕೊಟ್ಟ ಎಂಟಾಣೆಯ ಲೆಕ್ಕ, ಮುಂದೆ ಏನಾಗಬೇಕು ಅಂದುಕೊಂಡಿದ್ದಿರೋ ಅದು, ಎಲ್ಲವೂ ಅಲ್ಲಿ ಸಿಗುತ್ತದೆ.

ಇಸವಿ ಬರೆಯದ ನೋಟ್‌ಬುಕ್ಕಿಗೆ ಇಸವಿ ಹುಡುಕುವ ದಾರಿಗಳಿವೆ. ರಟ್ಟಿಗೆ ಹಾಕಿದ ಕವರ್ ನೋಡಿ. ನಮ್ಮ ಕಡೆ ಬಹಳ ಮನೆಗಳಲ್ಲಿ ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕ ಪತ್ರಿಕೆಯ ಹಾಳೆಯನ್ನೇ ಕವರ್ ಹಾಕುತ್ತಿದ್ದರು. ಪುಟದ ತಲೆಯಲ್ಲಿ ತಾರೀಕು ಇರುತ್ತದೆ. ಹಾಗಾಗಿ ಆ ಕವರನ್ನು ಹರಿದು ಎಸೆಯಬೇಡಿ, ಒಳಗಿನ ಸುದ್ದಿಯೂ ಈಗ ಓದಲು ಚೆನ್ನಾಗಿರುತ್ತದೆ. ಪಠ್ಯಪುಸ್ತಕವಾದರೆ ಕೊನೆಯಲ್ಲೋ ಮೊದಲ ಹಾಳೆಯ ಹಿಂದೋ ಮುದ್ರಣಾಲಯದ ಹೆಸರು, ಇಸವಿ ಇರುತ್ತದೆ. ಗದಗನ್ನು ಮುದ್ರಣ ಕಾಶಿ ಅಂತ ಕರೆಯುವುದು ಸುಮ್ನೆ ಅಲ್ಲ. ಲೇಬಲ್, ನೋಟ್‌ಬುಕ್, ಆಮಂತ್ರಣ ಪತ್ರಿಕೆಗಳ ಅಡಿಯ ಆ ಸಣ್ಣ ಅಕ್ಷರದ ಸಾಲನ್ನೂ ಒಮ್ಮೆ ಓದಿ.

ಸರಕಾರಿ ಕಾಗದದ ತಲೆಬರಹವೂ ಕಾಲ ಹೇಳುತ್ತದೆ. ಅಜ್ಜನ ಕಾಗದದಲ್ಲಿ ಮುಂಬಯಿ ಸರಕಾರ ಅಂತಿದ್ದರೆ ಅದು 1956ರ ನವೆಂಬರ್ 1ಕ್ಕಿಂತ ಹಿಂದಿನದು. ಮೈಸೂರು ರಾಜ್ಯ ಅಂತಿದ್ದರೆ ಅಲ್ಲಿಂದ 1973ರ ನವೆಂಬರ್ 1ರ ಒಳಗಿನದು. ಮುಲ್ಕಿ ಪರೀಕ್ಷೆ ಪಾಸಾದ ಸರ್ಟಿಫಿಕೇಟ್ ಸಿಕ್ಕರೆ ಅದು ಏಳನೇ ಇಯತ್ತೆಯದು, ಅಂದರೆ ಏಳನೇ ತರಗತಿಯದು. ಆ ಕಾಲಕ್ಕೆ ಅಷ್ಟು ಓದಿದವರು ಸಾಲಿ ಮಾಸ್ತರರಾಗುತ್ತಿದ್ದರು. ಇನ್ನು ಗದಗ, ಹಾವೇರಿಯವರ ಹಳೇ ಕಾಗದದಲ್ಲೆಲ್ಲ ಧಾರವಾಡ ಜಿಲ್ಲೆ ಅಂತಲೇ ಇರುತ್ತದೆ, ಯಾಕಂದರೆ ಈ ಎರಡೂ ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಅದು ತಪ್ಪಲ್ಲ, ಅದರ ಮೇಲೆ ಪೆನ್ನಿನಿಂದ ತಿದ್ದಬೇಡಿ.

ಕಾಗದ ಕೈಗೆ ಕೊಟ್ಟು ಕೇಳುವುದು

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಕೊಡಬೇಕಾದದ್ದು ಇದಕ್ಕೆ.

ಒಂದು ಪ್ರಗತಿ ಪತ್ರವನ್ನೇ ಹತ್ತಿರದಿಂದ ನೋಡೋಣ. ನನ್ನ ಐದನೇ ತರಗತಿಯದು. ಅಂಕಗಳನ್ನು ಬಿಡಿ, ಬಲತುದಿಯ ಪಾಲಕರ ಸಹಿಯ ಸಾಲಿಗೆ ಬನ್ನಿ. ಮೊದಲ ಕಿರುಪರೀಕ್ಷೆಗೆ ಅಪ್ಪನ ಸಹಿ, ಇಂಕ್ ಪೆನ್ನಿನದು. ಎರಡನೆಯದಕ್ಕೆ ಅಜ್ಜಿಯ ಹೆಬ್ಬೆಟ್ಟು, ನೀಲಿ ಮಸಿ ಕೆಳಗಿನ ಗೆರೆಗೂ ತಾಗಿದೆ. ಅರ್ಧವಾರ್ಷಿಕಕ್ಕೆ ಕಾಕಾನ ಸಹಿ. ವಾರ್ಷಿಕಕ್ಕೆ ಮೊದಲ ಸಲ ಅವ್ವನ ಹೆಸರು. ಮೊದಲು ಪೆನ್ಸಿಲಿನಿಂದ ಬರೆದು ಅದರ ಮೇಲೆ ಪೆನ್ನು ತಿದ್ದಿದ ಗುರುತು ಕಾಣುತ್ತದೆ. ಅದೇ ವರ್ಷದ ಗಣಿತದ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಅದೇ ಹೆಸರು ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಇತ್ತು. ನನ್ನ ಅಕ್ಷರ ಅಲ್ಲ.

"ಅವ್ವಾ, ಇದನ್ನ ಯಾರು ಬರದಿದ್ರು?" ಅಂತ ಪುಸ್ತಕ ಕೈಗೆ ಕೊಟ್ಟೆ.

"ನಾನ ಬರದದ್ದು. ನಿಮ್ಮಪ್ಪ ದಾಂಡೇಲಿಗೆ ಕೆಲಸಕ್ಕ ಹೋಗಿದ್ದ. ಸಾಲ್ಯಾಗ ಪ್ರತಿ ಸಲ ಯಾರ್ದರ ಸಹಿ ಬೇಕಂತಿದ್ರು. ನೀ ಮಲಗಿದ ಮ್ಯಾಲೆ ನಿನ್ನ ಪುಸ್ತಕದಾಗ ಬರದು ಬರದು ಕಲ್ತೆ."

ಇದು ಯಾವ ಅಂಕಪಟ್ಟಿಯಲ್ಲೂ ಸಿಗುವುದಿಲ್ಲ. ಆ ನೋಟ್‌ಬುಕ್ ರದ್ದಿಗೆ ಹೋಗಿದ್ದರೆ ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ.

ಕೇಳುವಾಗ "ನನ್ನ ಸಾಲಿ ದಿನಗಳ ಬಗ್ಗೆ ಹೇಳು" ಅಂದರೆ ಏನೂ ಬರುವುದಿಲ್ಲ. ಒಂದೊಂದೇ ಕಾಗದ, ಒಂದೊಂದೇ ವಸ್ತು ಕೈಗೆ ಕೊಡಿ, ಸುಮ್ಮನಿರಿ. ಅವರೇ ಮಾತು ಶುರು ಮಾಡುತ್ತಾರೆ. ಫೋನಿನ ರೆಕಾರ್ಡರ್ ಆನ್ ಮಾಡಿ ಪಕ್ಕಕ್ಕಿಡಿ, ಮೊದಲೇ ಹೇಳಿ ಇಡಿ. ಒಂದು ಸಲಕ್ಕೆ ಒಂದು ತಾಸು ಸಾಕು. ಊಟ ಆದ ಮೇಲೆ, ಟಿವಿ ಬಂದ್ ಇರುವಾಗ ಕೂತರೆ ಚೆನ್ನ. ಮಧ್ಯೆ ತಿದ್ದಲು ಹೋಗಬೇಡಿ. ಇಸವಿ ತಪ್ಪು ಹೇಳಿದರೂ ಬರೆದುಕೊಳ್ಳಿ, ಆಮೇಲೆ ಹೊಂದಿಸಿ ನೋಡಿದರಾಯಿತು.

ಹುಟ್ಟಿದ ತಾರೀಕನ್ನು ಇದೇ ಹೊತ್ತಿನಲ್ಲಿ ಕೇಳಿಬಿಡಿ. ಹಳೇ ಶಾಲಾ ದಾಖಲೆಗಳಲ್ಲಿ ಎಷ್ಟೋ ಜನರ ಜನ್ಮದಿನ ಜೂನ್ 1. ಸಾಲಿಗೆ ಹೆಸರು ಹಚ್ಚುವ ದಿನ ತಾರೀಕು ಗೊತ್ತಿಲ್ಲ ಅಂದರೆ ಮಾಸ್ತರು ವಯಸ್ಸಿಗೆ ಹೊಂದಿಸಿ ಅದನ್ನೇ ಬರೆಯುತ್ತಿದ್ದರು. ಅವ್ವ, ಅಜ್ಜಿ ಬೇರೆ ಲೆಕ್ಕ ಹೇಳುತ್ತಾರೆ: "ಕಾರಹುಣ್ಣಿವಿ ಮುಂದ ಎರಡು ದಿನ ಇತ್ತು", "ಸೀಗಿಹುಣ್ಣಿವಿ ಚರಗ ಚೆಲ್ಲಿ ಬಂದ ರಾತ್ರಿ". ವರ್ಷ ಗೊತ್ತಿದ್ದರೆ ಆ ವರ್ಷದ ಪಂಚಾಂಗ ನೋಡಿ ತಾರೀಕು ಹಿಡಿಯಬಹುದು. ದಾಖಲೆಯಲ್ಲಿರುವುದು ಜೂನ್ 1 ಆಗಿಯೇ ಇರಲಿ, ನಿಜವಾದದ್ದು ನಿಮ್ಮ ಬರಹದಲ್ಲಿ ಇರಲಿ.

ವರ್ಗದ ಗ್ರೂಪ್ ಫೋಟೋ ಸಿಕ್ಕರೆ ಓರಿಗೆಯವರನ್ನು ಕೇಳಬೇಕು. ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗುಂಪು ಇದ್ದೇ ಇರುತ್ತದೆ. ಸಾಲು ಸಾಲಾಗಿ ನಂಬರ್ ಹಾಕಿದ ಪ್ರತಿ ಕಳಿಸಿ, ಎಡದಿಂದ ಬಲಕ್ಕೆ ಹೆಸರು ಕೇಳಿ. ಗುರುವಂದನೆ ಕಾರ್ಯಕ್ರಮ ಇಟ್ಟುಕೊಂಡಿದ್ದರೆ ಅದರ ಪ್ರಿಂಟ್ ತೆಗೆದುಕೊಂಡು ಹೋಗಿ. ಅಕ್ಕೋರು, ಮಾಸ್ತರು ಹಿಂದಿನ ಸಾಲಿನ ಮಕ್ಕಳ ಹೆಸರನ್ನೂ ನೆನಪಿಟ್ಟಿರುತ್ತಾರೆ. ಒಂದು ಮಾತು: ಬೇರೆಯವರ ಅಂಕ, ಬೇರೆಯವರು ನಿಮಗೆ ಬರೆದ ಚೀಟಿ ಗುಂಪಿನಲ್ಲಿ ಹಾಕಬೇಡಿ. ಅವರಿಗೊಬ್ಬರಿಗೇ ಕಳಿಸಿ.

ಆರಿಸುವಾಗ

ಮೊದಲು ಕೆಲಸಕ್ಕೆ ಬರುವ ದಾಖಲೆಗಳನ್ನು ಬೇರೆ ಮಾಡಿ. ಟಿಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ. ಸರಕಾರಿ ನೌಕರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ ಕೇಳುವವರು ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದನ್ನು ತೋರಿಸಬೇಕಾಗುತ್ತದೆ. ಯಾವ ವರ್ಷ ಯಾವ ಶಾಲೆ ಅನ್ನುವುದಕ್ಕೆ ಹಳೇ ಪ್ರಗತಿ ಪತ್ರಗಳು ಸುಳಿವು ಕೊಡುತ್ತವೆ. ಹೆಸರಿನ ಅಕ್ಷರ ಒಂದರಲ್ಲೊಂದು ಥರ ಇದ್ದರೂ ಮನೆಯಲ್ಲಿ ತಿದ್ದಬೇಡಿ. ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ, ಹಿಂಬದಿಗೆ ಮೊಹರು ಹಾಕಲೂ ಬರುವುದಿಲ್ಲ. ಅಂಕಪಟ್ಟಿ ಕಳೆದೇ ಹೋಗಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರನ್ನು ಮೊದಲು ಕಾಣಿ. ಎರಡನೇ ಪ್ರತಿಗೆ ಅರ್ಜಿ ಅವರ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಹೋಗುತ್ತದೆ.

ಉಳಿದದ್ದರಲ್ಲಿ ಏನಿಡಬೇಕು? ನಿಮ್ಮ ಸ್ವಂತ ಮಾತು ಇರುವುದನ್ನು ಇಡಿ. ನಿಬಂಧ, ಚಿತ್ರ, ಪತ್ರ, ಆಟೋಗ್ರಾಫ್ ಪುಸ್ತಕ, ಮಾಸ್ತರು ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದ ಪುಟ. ಬೋರ್ಡಿನಿಂದ ನಕಲು ಮಾಡಿಕೊಂಡ ನೋಟ್ಸ್ ವರ್ಷಕ್ಕೊಂದು ಪುಸ್ತಕ ಸಾಕು, ಅಕ್ಷರ ಹೇಗೆ ಬದಲಾಯಿತು ಅಂತ ನೋಡಲು. ಗೈಡು, ಡೈಜೆಸ್ಟು, ಗೀರಿಲ್ಲದ ಪಠ್ಯಪುಸ್ತಕ ಬಿಟ್ಟುಬಿಡಬಹುದು. ಆದರೆ 1956ಕ್ಕಿಂತ ಹಿಂದಿನ ಪಠ್ಯಪುಸ್ತಕ, ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹ) ಕಾಗದ ಸಿಕ್ಕರೆ ಬಲ್ಲವರಿಗೆ ತೋರಿಸದೆ ಬಿಡಬೇಡಿ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಿಂದ ಇದೆ, ವಿಶ್ವವಿದ್ಯಾಲಯ ಇದೆ. ಹಳೇ ಪುಸ್ತಕ ಬಲ್ಲವರು ಅಲ್ಲಿ ಸಿಗುತ್ತಾರೆ. ನಪಾಸಾದ ವರ್ಷದ ಅಂಕಪಟ್ಟಿಯನ್ನು ಹರಿಯಬೇಡಿ, ಅದೂ ನಿಮ್ಮದೇ ವರ್ಷ.

ಮನೆಯ ಹೆಣ್ಣುಮಕ್ಕಳ ಕಾಗದಗಳ ಬಗ್ಗೆ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಮದುವೆಯಾಗಿ ಹೋದ ಅಕ್ಕತಂಗಿಯರ ಪುಸ್ತಕ, ಬಹುಮಾನ, ಸೇವಾದಳದ ಬ್ಯಾಡ್ಜು ಎಲ್ಲವೂ ತವರಿನ ಅಟ್ಟದಲ್ಲೇ ಉಳಿದಿರುತ್ತವೆ. ಜಾಗ ಸಾಲದು ಅಂದಾಗ ಮೊದಲು ರದ್ದಿಗೆ ಹೋಗುವುದೂ ಅವೇ. ಆ ಗಂಟು ಬಿಚ್ಚುವ ಮುನ್ನ ಅವರಿಗೊಂದು ಫೋನ್ ಮಾಡಿ. ವಿಡಿಯೋ ಕಾಲ್ ಮಾಡಿ ಒಂದೊಂದಾಗಿ ತೋರಿಸಿ. ಇಡುವುದೋ ಬಿಡುವುದೋ ಅವರೇ ಹೇಳಲಿ. ಪಂಚಮಿಗೆ ಬಂದಾಗ ಕೈಗೆ ಕೊಟ್ಟು ಕಳಿಸಿ.

ಧೂಳು, ನುಸಿ, ತೇವ

ಬ್ರಶ್ಶಿನಿಂದ ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಗುಡಿಸಿ. ಒದ್ದೆ ಬಟ್ಟೆ ಬೇಡ. ತುಕ್ಕು ಹಿಡಿದ ಗುಂಡುಸೂಜಿ, ಸ್ಟೇಪಲ್ ಪಿನ್ನುಗಳನ್ನು ತೆಗೆಯಬೇಕು, ತುಕ್ಕು ಕಾಗದವನ್ನು ತಿನ್ನುತ್ತದೆ. ಎಳೆಯಬೇಡಿ, ಹಿಂದಿನ ಕಾಲುಗಳನ್ನು ಮೊದಲು ಬಿಡಿಸಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ಕೆಲವು ವರ್ಷಕ್ಕೆ ಟೇಪಿನ ಅಂಟು ಹಳದಿಯಾಗಿ ಒಳಗಿಳಿದು ಅಕ್ಷರವನ್ನೇ ಮುಚ್ಚುತ್ತದೆ. ಹರಿದ ತುಂಡುಗಳನ್ನು ಬಿಳಿ ಹಾಳೆಯ ಮಡಿಕೆಯಲ್ಲಿ ಹೊಂದಿಸಿಟ್ಟರೆ ಸಾಕು. ಮೊದಲೇ ಹಚ್ಚಿದ ಟೇಪ್ ಇದ್ದರೆ ಕೀಳಬೇಡಿ.

ಪಾಟಿಯ ಮೇಲೆ ಬಳಪದ ಅಕ್ಷರ ಉಳಿದಿದ್ದರೆ ಒರೆಸಬೇಡಿ. ಫೋಟೋ ತೆಗೆದು, ಮೇಲೊಂದು ಹಾಳೆ ಮುಚ್ಚಿ, ನಿಲ್ಲಿಸಿಡದೆ ಮಲಗಿಸಿಡಿ. ಕಟ್ಟಿಗೆಯ ಕಟ್ಟಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಒಳಗಿದೆ. ಅದನ್ನು ಕಾಗದಗಳಿಂದ ದೂರ ಇಡಿ.

ಪುಸ್ತಕದಲ್ಲಿ ನುಸಿ ಓಡಾಡುತ್ತಿದ್ದರೆ ಬಿಸಿಲಿಗೆ ಹಾಕುವುದು ನಮ್ಮ ರೂಢಿ. ಬಿಸಿಲಿಗೆ ಹುಳ ಓಡುತ್ತದೆ, ಜೊತೆಗೆ ಶಾಯಿ ಮಾಸುತ್ತದೆ, ಕಾಗದ ಹಪ್ಪಳವಾಗುತ್ತದೆ. ಇದಕ್ಕಿಂತ ಒಳ್ಳೆ ದಾರಿ ಫ್ರಿಜ್ಜಿನ ಫ್ರೀಜರ್. ಒಣಗಿದ ಪುಸ್ತಕವನ್ನು ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ ಎರಡು ವಾರ ಒಳಗಿಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆಯ ಪುಟದ ಮೇಲೆ ನೀರಿನ ಹನಿ ಕೂರುತ್ತದೆ. ಫೋಟೋಗಳನ್ನು ಹೀಗೆ ಇಡಬೇಡಿ.

ಮಲಪ್ರಭೆ ದಂಡೆಯ ಊರುಗಳವರಿಗೆ, ವರದಾ, ತುಂಗಭದ್ರೆಯ ಕಡೆಯವರಿಗೆ 2019ರ ಆಗಸ್ಟ್ ತಿಂಗಳ ನೆರೆ ನೆನಪಿರುತ್ತದೆ. ನೀರಲ್ಲಿ ನೆಂದ ಕಾಗದಕ್ಕೆ ಎರಡು ದಿನದೊಳಗೆ ಗಾಳಿ ಸಿಗದಿದ್ದರೆ ಬೂಷ್ಟು ಹಿಡಿಯುತ್ತದೆ. ಪುಟ ಬಿಡಿಸಲು ಹೋಗದೆ ಇಡೀ ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ, ನೆರಳಲ್ಲಿ ಫ್ಯಾನ್ ಹಾಕಿ. ಸ್ವಲ್ಪ ಆರಿದ ಮೇಲೆ ಅಲ್ಲಲ್ಲಿ ಬಿಳಿ ಹಾಳೆ ಸೇರಿಸಿ ಬದಲಾಯಿಸುತ್ತಾ ಇರಿ. ಎಲ್ಲವನ್ನೂ ಒಮ್ಮೆಲೇ ಒಣಗಿಸಲು ಆಗದಿದ್ದರೆ ಉಳಿದದ್ದನ್ನು ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಕೆಡುವುದು ಅಲ್ಲಿಗೆ ನಿಲ್ಲುತ್ತದೆ.

ಫೋನಿನಲ್ಲಿ ಒಂದು ಪ್ರತಿ

ಕಿಟಕಿಯ ಬೆಳಕು ಸಾಕು, ಫ್ಲ್ಯಾಶ್ ಬೇಡ. ಪುಟದ ನಾಲ್ಕೂ ಅಂಚು ಕಾಣಲಿ, ಹಿಂಬದಿಯನ್ನೂ ತೆಗೆಯಿರಿ. ಸ್ಕ್ಯಾನ್ ಆ್ಯಪ್‌ಗಳು ಹಾಳೆಯನ್ನು ತಾವಾಗಿ ಬೆಳ್ಳಗೆ ಮಾಡುತ್ತವೆ. ಹಾಗೆ ಮಾಡಿದರೆ ಪೆನ್ಸಿಲ್ ಗೆರೆ, ಹೆಬ್ಬೆಟ್ಟಿನ ತೆಳು ಮಸಿ ಮಾಯವಾಗುತ್ತದೆ. ಆ ಫಿಲ್ಟರ್ ತೆಗೆದು ಮೂಲ ಬಣ್ಣದಲ್ಲೇ ಇಡಿ. ಸ್ಕ್ಯಾನರ್ ಇದ್ದರೆ ಕಾಗದಕ್ಕೆ 300 ಡಿಪಿಐ, ಸಣ್ಣ ಫೋಟೋಗೆ 600. ಫೈಲಿಗೆ ಇಸವಿ, ಯಾರದು, ಏನು ಅಂತ ಹೆಸರು ಕೊಡಿ. ಒಂದು ಪ್ರತಿ ಮನೆಯ ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಬೇರೆ ಊರಿನ ಅಣ್ಣನದೋ ತಂಗಿಯದೋ ಮನೆಯಲ್ಲಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲದಿದ್ದರೆ ಚಿತ್ರ ಕುಗ್ಗುತ್ತದೆ.

ಮತ್ತೆ ಇಡುವಾಗ

ಅಟ್ಟಕ್ಕೆ ವಾಪಸ್ ಬೇಡ. ಹಂಚಿನ ಕೆಳಗೆ ಬೇಸಿಗೆಯ ಕಾವು, ಮಳೆಗಾಲದ ಸೋರು ಎರಡೂ ಇರುತ್ತವೆ. ಒಳಕೋಣೆಯ ಕಪಾಟಿನ ನಡುವಿನ ಅರೆ ಒಳ್ಳೆಯದು. ಟ್ರಂಕಿನಲ್ಲೇ ಇಡುವುದಾದರೆ ತುಕ್ಕು ಉಜ್ಜಿ, ಒಳಗೆ ಬಟ್ಟೆ ಹಾಸಿ, ಗೋಡೆಗೆ ತಾಗದ ಹಾಗೆ ಎರಡು ಮಣೆಗಳ ಮೇಲಿಡಿ. ನೆಲಕ್ಕೆ ತಾಗಿದರೆ ಗೆದ್ದಲು ಬರುತ್ತದೆ.

ಫೇಡಾ ಡಬ್ಬಿಯಲ್ಲಿ ಚೀಟಿ, ಫೋಟೋ ಇಡುವ ರೂಢಿ ಧಾರವಾಡದ ಮನೆಮನೆಯಲ್ಲೂ ಇದೆ. ರಟ್ಟಿಗೆ ಹತ್ತಿದ ತುಪ್ಪದ ಜಿಡ್ಡು ಕಾಗದಕ್ಕಿಳಿಯುತ್ತದೆ, ಇರುವೆಯನ್ನೂ ಕರೆಯುತ್ತದೆ. ಅಗ್ಗದ ಪ್ಲಾಸ್ಟಿಕ್ ಕವರಿಗೆ ಝೆರಾಕ್ಸಿನ ಮಸಿ ಅಂಟಿ ಅಕ್ಷರ ಕಿತ್ತು ಬರುತ್ತದೆ. ಸುದ್ದಿಪತ್ರಿಕೆಯಲ್ಲಿ ಸುತ್ತಬೇಡಿ, ಅದು ಬೇಗ ಹಳದಿಯಾಗಿ ಒಳಗಿನದನ್ನೂ ಹಳದಿ ಮಾಡುತ್ತದೆ. ಒಳ್ಳೆ ಬಿಳಿ ಎ4 ಹಾಳೆಯ ಮಡಿಕೆಯಲ್ಲಿ ಕಾಗದ ಇಟ್ಟು, ಮೇಲೆ ಬಟ್ಟೆ ಸುತ್ತಿ. ಬಟ್ಟೆಗೆ ಬಣ್ಣ ಹಾಕದ ಖಾದಿ ಚೆನ್ನ. ರಾಷ್ಟ್ರಧ್ವಜ ತಯಾರಿಸುವ ಬೆಂಗೇರಿಯ ಖಾದಿ ಕೇಂದ್ರ ಹುಬ್ಬಳ್ಳಿಯಲ್ಲೇ ಇದೆ. ತಂದ ಬಟ್ಟೆಯನ್ನು ಎರಡು ಸಲ ಒಗೆದು ಗಂಜಿ ಪೂರ್ತಿ ತೆಗೆಯಿರಿ, ನುಸಿಗೆ ಗಂಜಿ ಅಂದರೆ ಊಟ. ಡಾಂಬರ ಗುಳಿಗೆ ಮಲಗುವ ಕೋಣೆಯಲ್ಲಿ ಬೇಡ, ಅದರ ಹೊಗೆ ಮಕ್ಕಳಿಗೆ ಒಳ್ಳೆಯದಲ್ಲ. ಪೂರ್ತಿ ಒಣಗಿದ ಬೇವಿನ ಎಲೆಯನ್ನು ಸಣ್ಣ ಗಂಟು ಕಟ್ಟಿ ಮೂಲೆಯಲ್ಲಿಡಿ. ಎಲೆ ಕಾಗದಕ್ಕೆ ನೇರವಾಗಿ ತಾಗಬಾರದು, ಕಲೆ ಬೀಳುತ್ತದೆ.

ಪ್ರತಿ ಕಟ್ಟಿನಲ್ಲೂ ಒಂದು ಚೀಟಿ ಇರಲಿ, ಪೆನ್ಸಿಲಿನಲ್ಲಿ ಬರೆದದ್ದು. ಇದು ಏನು, ಯಾರದು, ಯಾವ ವರ್ಷದ್ದು, ಇದರ ಬಗ್ಗೆ ಹೇಳಿದವರು ಯಾರು, ಹೇಳಿದ ದಿನ ಯಾವುದು. ಫೋಟೋದ ಹಿಂದೆ ಪೆನ್ನಿನಿಂದ ಒತ್ತಿ ಬರೆಯಬೇಡಿ, ಮುಖದ ಮೇಲೆ ಗೆರೆ ಮೂಡುತ್ತದೆ.

ಶಾಲೆ ನೂರು ತುಂಬಿ ಶತಮಾನೋತ್ಸವ ಮಾಡುವಾಗ ಹಳೇ ಫೋಟೋ, ವಾರ್ಷಿಕ ಸಂಚಿಕೆ ಕೇಳಿಕೊಂಡು ಬರುತ್ತಾರೆ. ಪ್ರಿಂಟ್ ತೆಗೆಸಿ ಕೊಡಿ. ಮೂಲವನ್ನೇ ಕೊಡುವುದಾದರೆ ಯಾರ ಕೈಗೆ ಕೊಟ್ಟಿರಿ ಅಂತ ಬರೆಸಿಕೊಳ್ಳಿ. ಕೊನೆಗೆ ರದ್ದಿಗೆ ಹೋಗುವ ರಾಶಿಯಿಂದ ರಿಜಿಸ್ಟರ್ ನಂಬರ್, ಸಹಿ, ಪಾಸ್‌ಪೋರ್ಟ್ ಫೋಟೋ ಇರುವ ಹಾಳೆಗಳನ್ನು ಆರಿಸಿ ಹರಿದುಹಾಕಿ.

ವರ್ಷಕ್ಕೊಮ್ಮೆ ಕಟ್ಟು ಬಿಚ್ಚಿ ನೋಡಬೇಕು. ನವರಾತ್ರಿಯಲ್ಲಿ ಪಾಟಿ, ಪುಸ್ತಕ ಪೂಜೆಗಿಡುವ ದಿನ ಇದಕ್ಕೆ ಅನುಕೂಲ. ಮಳೆ ಕಡಿಮೆಯಾಗಿರುತ್ತದೆ, ಮನೆಮಂದಿಯೂ ಇರುತ್ತಾರೆ. ಬೇವಿನ ಗಂಟು ಬದಲಾಯಿಸಿ, ಬಟ್ಟೆಯ ಮಡಿಕೆಗಳಲ್ಲಿ ನುಸಿ ಇದೆಯಾ ನೋಡಿ, ಪೆನ್‌ಡ್ರೈವ್ ಹಚ್ಚಿ ಎರಡು ಫೈಲ್ ತೆರೆದು ನೋಡಿ. ಆ ವರ್ಷ ಯಾರಾದರೂ ಹೊಸ ಮಾತು ಹೇಳಿದ್ದರೆ ಚೀಟಿಗೆ ಸೇರಿಸಿ ತಾರೀಕು ಹಾಕಿ.